ಸಣ್ಣ ಫೋನು, ಮಂಡ್ಯ–ಮೈಸೂರು ರೈಲು: ಬ್ಯಾಟರಿ ಸಂಜೆವರೆಗೆ ಬರುತ್ತಾ?

ದಿನಾ ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ಹೋಗಿ ಬರುವವರಿಗೆ ಸಣ್ಣ ಫೋನು ಸಾಕಾಗುತ್ತಾ, ಬ್ಯಾಟರಿ ಸಂಜೆವರೆಗೆ ನಿಲ್ಲುತ್ತಾ ಅಂತ ಕೇಳಿದ್ದೀರಿ. ನಾನೂ ಅದೇ ರೈಲಿನವನು. 6.1 ಇಂಚಿನದು ತಗೊಂಡು ಎಂಟು ತಿಂಗಳಾಯಿತು.

ನಿಲ್ಲುತ್ತದೆ, ಆದರೆ ಸಂಜೆ ರೈಲು ಹತ್ತುವಾಗ 20 ಪರ್ಸೆಂಟ್ ಉಳಿದರೆ ಪುಣ್ಯ. ವಿಡಿಯೊ ಹುಚ್ಚಿದ್ದರೆ ಬೇಡವೇ ಬೇಡ. ಬ್ಯಾಟರಿ ತಿನ್ನುವುದು ಸ್ಕ್ರೀನ್ ಒಂದೇ ಅಲ್ಲ. ಪಾಂಡವಪುರ, ಶ್ರೀರಂಗಪಟ್ಟಣ ದಾಟುವಾಗ ಫೋನು ಟವರಿಂದ ಟವರಿಗೆ ಹಾರುತ್ತಿರುತ್ತದೆ. ಸಿಗ್ನಲ್ ಕಮ್ಮಿಯಾದಷ್ಟೂ ಜಾಸ್ತಿ ಕರೆಂಟ್ ಎಳೆಯುತ್ತದೆ. ನಾನು ರೈಲಲ್ಲಿ 5ಜಿ ಆಫ್ ಮಾಡಿ 4ಜಿಗೆ ಹಾಕುತ್ತೇನೆ. ಬಿಸಿಯಾಗುವುದೂ ಕಮ್ಮಿಯಾಯಿತು.

ಕನ್ನಡ ಟೈಪಿಂಗ್ ವಿಷಯ ಯಾವ ರಿವ್ಯೂನಲ್ಲೂ ಬರಲ್ಲ. ಕೀಗಳು ಕಿರಿದು. ಮೊದಲ ವಾರ ಒತ್ತಕ್ಷರದ ಕೀ ಬೆರಳಿಗೆ ಸಿಗದೆ ‘ಅಮ್ಮ’ ಹೋಗಿ ‘ಅಮಮ’ ಆಗುತ್ತಿತ್ತು. ಈಗ ಉದ್ದದ ಮೆಸೇಜ್ ಇದ್ದರೆ ಮಾತಾಡಿಯೇ ಬರೆಸುತ್ತೇನೆ.

ಇಷ್ಟಾದರೂ ದೊಡ್ಡದಕ್ಕೆ ಹೋಗಲ್ಲ. ದೇವರಾಜ ಮಾರ್ಕೆಟ್ಟಲ್ಲಿ ಒಂದು ಕೈಲಿ ಸೊಪ್ಪಿನ ಚೀಲ, ಇನ್ನೊಂದು ಕೈಲೇ ಕ್ಯೂಆರ್ ಸ್ಕ್ಯಾನ್, ಪಿನ್, ಆಯ್ತು. ಬಗ್ಗಿದರೆ ಶರ್ಟ್ ಜೇಬಿಂದ ಜಾರಲ್ಲ.

ಅಂದಹಾಗೆ, ಇದಕ್ಕಿಂತ ಸಣ್ಣದು ಹುಡುಕುತ್ತಿದ್ದರೆ ಸಿಗುವುದು ಕಷ್ಟ. ಆಪಲ್ 2020 ಮತ್ತು 2021ರಲ್ಲಿ 5.4 ಇಂಚಿನ ಐಫೋನ್ ಮಿನಿ ತಂದಿತ್ತು, 2022ರಲ್ಲಿ ಹೊಸ ಮಿನಿ ತರಲೇ ಇಲ್ಲ. 2007ರ ಮೊದಲ ಐಫೋನ್ 3.5 ಇಂಚು! ಈಗ 6.1 ಇದ್ದರೆ ಅದೇ ಸಣ್ಣದು, ನಗು ಬರುತ್ತೆ ಅಲ್ವಾ?

ಆಫೀಸಲ್ಲಿ ಒಂದು ಚಾರ್ಜರ್ ಇಟ್ಟುಬಿಡಿ. ಊಟದ ಹೊತ್ತಲ್ಲಿ ಅರ್ಧ ಗಂಟೆ ಹಾಕಿದರೆ ಮಂಡ್ಯ ತಲುಪುವವರೆಗೆ ಯೋಚನೆಯಿಲ್ಲ.