ಅಟ್ಟದಲ್ಲಿ ಸಿಕ್ಕ ಹಿತ್ತಾಳೆ ಲೆನ್ಸ್‌ನಲ್ಲಿ ಈಗಲೂ ಫೋಟೋ ತೆಗೆಯಬಹುದಾ?

ಮಂಡ್ಯದ ಮನೆಯ ಅಟ್ಟದಲ್ಲಿ ತಾತನ ಸ್ಟುಡಿಯೋದ ಹಾಫ್ ಪ್ಲೇಟ್ ಮರದ ಕ್ಯಾಮೆರಾ, ಜೊತೆಗೆ ಎರಡು ಹಿತ್ತಾಳೆ ಲೆನ್ಸ್ ಸಿಕ್ಕಿವೆ, ಮಾರೋದಾ ಇಟ್ಟುಕೊಳ್ಳೋದಾ ಅಂತ ಕೇಳಿದ್ದೀರಿ. ಇಟ್ಟುಕೊಳ್ಳಿ. ಅದರಲ್ಲೇ ಫೋಟೋನೂ ತೆಗೆಯಿರಿ. ನಾನು ಮೈಸೂರಿನಲ್ಲಿ ಇಂಥ ಲೆನ್ಸ್‌ಗಳನ್ನು ಕೂಡಿಡುತ್ತಾ, ಅವುಗಳಲ್ಲೇ ಮನೆಯವರ, ಸ್ನೇಹಿತರ ಮುಖ ತೆಗೆಯುತ್ತಾ ಬಂದವನು, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ.

ಮೊದಲು, ಹಿತ್ತಾಳೆ ಅಂತ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಮೇಲಿನ ಹೊಂಬಣ್ಣದ ಲ್ಯಾಕರ್ ಹೋಗುತ್ತದೆ, ಕೆತ್ತಿದ ಅಕ್ಷರ ಸವೆಯುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು.

ಆಮೇಲೆ ಅದು ಯಾವ ಜಾತಿಯ ಲೆನ್ಸ್ ಅಂತ ನೋಡಿ. ಹೆಸರು ಕೆತ್ತಿರದಿದ್ದರೂ ಪರವಾಗಿಲ್ಲ. ಹಿಂದಿನ ಗಾಜಿನ ಭಾಗವನ್ನು ತಿರುಗಿಸಿ ಬಿಚ್ಚಿ, ಕತ್ತಲೆ ಕೋಣೆಯಲ್ಲಿ ಅದರ ಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ಗಾಜಿನೊಳಗೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಪ್ರಕಾಶವಾದ ನಾಲ್ಕು ಚುಕ್ಕೆ ಕಂಡರೆ ಎರಡು ಗಾಜಿನ ನಡುವೆ ಗಾಳಿ ಇದೆ ಎಂದರ್ಥ, ಅದು ಬಹುಪಾಲು ಪೆಟ್ಜ್ವಾಲ್ ಅನ್ನುವ ಮುಖದ ಫೋಟೋ ಲೆನ್ಸ್. ಎರಡು ಪ್ರಕಾಶವಾದವು, ಒಂದು ಮಂಕಾದದ್ದು ಕಂಡರೆ ಗಾಜುಗಳನ್ನು ಅಂಟಿಸಿದ್ದಾರೆ. ಮುಂದಿನ ಭಾಗದಲ್ಲೂ ಹಾಗೇ ಕಂಡರೆ ರ‍್ಯಾಪಿಡ್ ರೆಕ್ಟಿಲಿನಿಯರ್ ಇರಬೇಕು. ಇದು 1866ರಲ್ಲಿ ಲಂಡನ್ನಿನ ಡಾಲ್‌ಮೇಯರ್ ತಂದ ವಿನ್ಯಾಸ, ಸಾಮಾನ್ಯವಾಗಿ ಎಫ್/8 (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ). ಗುಂಪು ಫೋಟೋಗೆ, ಕಟ್ಟಡಕ್ಕೆ ಒಳ್ಳೆಯದು.

ಪೆಟ್ಜ್ವಾಲ್ ಆದರೆ ನಿಮ್ಮ ಅದೃಷ್ಟ. ವಿಯೆನ್ನಾದ ಗಣಿತದ ಮೇಷ್ಟ್ರು ಜೋಸೆಫ್ ಪೆಟ್ಜ್ವಾಲ್ 1840ರಲ್ಲಿ ಲೆಕ್ಕ ಹಾಕಿ ರೂಪಿಸಿದ, ಫೋಕ್ಟ್‌ಲೆಂಡರ್ ಕಂಪನಿ ಮಾಡಿ ಮಾರಿದ ಲೆನ್ಸ್ ಇದು. ಅದಕ್ಕೂ ಮೊದಲು ಮುಖದ ಫೋಟೋಗೆ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ಎಫ್/3.6ರ ಆಸುಪಾಸಿನ ಈ ಲೆನ್ಸ್ ಬಂದ ಮೇಲೆ ಅದು ಸೆಕೆಂಡುಗಳಿಗೆ ಇಳಿಯಿತು. ನಡುಭಾಗ ತುಂಬಾ ಚೂಪು. ಅಂಚಿಗೆ ಹೋದಂತೆ ಎಲ್ಲ ಕರಗಿ, ಸುತ್ತುತ್ತಿರುವ ಹಾಗೆ ಕಾಣುತ್ತದೆ. ಹೊಂಗೆ ಮರದ ಕೆಳಗೆ, ಎಲೆಗಳ ಸಂದಿಯಿಂದ ಆಕಾಶ ಕಾಣುವ ಹಾಗೆ ಕೂರಿಸಿ ನೋಡಿ, ಆ ಸುತ್ತು ಚೆನ್ನಾಗಿ ಬರುತ್ತದೆ. ನನಗೆ ಮಾತ್ರ ಸುತ್ತಿಗಿಂತ ಕಣ್ಣಿನಿಂದ ಕಿವಿಗೆ ಹೋಗುವಷ್ಟರಲ್ಲಿ ಮುಖ ಮೃದುವಾಗುವ ಆ ರೀತಿ ಜಾಸ್ತಿ ಇಷ್ಟ. ಮೊಬೈಲ್‌ನ ಪೋರ್ಟ್ರೇಟ್ ಮೋಡ್ ಮುಖವನ್ನು ಕತ್ತರಿಸಿ ಅಂಟಿಸಿದ ಹಾಗೆ ಮಾಡುತ್ತದೆ, ಅಲ್ವಾ? ಇಲ್ಲಿ ಹಾಗಾಗಲ್ಲ.

ಇವುಗಳಲ್ಲಿ ಶಟರ್ ಇರುವುದಿಲ್ಲ. ಮುಚ್ಚಳ ತೆಗೆದು, ಎಣಿಸಿ, ಮುಚ್ಚುವುದೇ ಶಟರ್. ಬೆಳಕು ಸಾಲಲ್ಲ ಅಂತ ಎಲ್ಲರೂ ಹೆದರುತ್ತಾರೆ. ನಿಜವಾದ ತೊಂದರೆ ಬೆಳಕು ಜಾಸ್ತಿ ಆಗುವುದು. ಎಫ್/4ರಲ್ಲಿ ಐಎಸ್ಒ 100 (ಐಎಸ್ಒ ಅಂದರೆ ಬೆಳಕಿಗೆ ಸ್ಪಂದಿಸುವ ವೇಗದ ಅಳತೆ) ಫಿಲ್ಮ್ ಹಾಕಿದರೆ ತೊಟ್ಟಿ ಮನೆಯ ಜಗುಲಿಯಲ್ಲೂ ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕಾಗಬಹುದು. ಅಷ್ಟು ಬೇಗ ಮುಚ್ಚಳ ಮುಚ್ಚೋಕೆ ಯಾರಿಂದಲೂ ಆಗಲ್ಲ. ಅದಕ್ಕೆ ಫಿಲ್ಮ್ ಬದಲು, ಬೆಳಕಿಗೆ ನಿಧಾನವಾಗಿ ಸ್ಪಂದಿಸುವ, ಪ್ರಿಂಟ್ ಹಾಕುವ ಫೋಟೋ ಪೇಪರ್ ಬಳಸಿ. ಕೆಂಪು ದೀಪದಲ್ಲಿ ಹಾಫ್ ಪ್ಲೇಟ್ ಅಳತೆಗೆ, ಅಂದರೆ 4¾ × 6½ ಇಂಚಿಗೆ ಕತ್ತರಿಸಿ, ಹಿಂದೆ ರಟ್ಟು ಕೊಟ್ಟು ಡಾರ್ಕ್ ಸ್ಲೈಡ್‌ಗೆ (ಬೆಳಕು ತಾಗದ ಹಾಗೆ ಕ್ಯಾಮೆರಾಗೆ ತೂರಿಸುವ ಚಪ್ಪಟೆ ಪೆಟ್ಟಿಗೆ) ಹಾಕಿ. ಲೈಟ್ ಮೀಟರ್ ಆ್ಯಪ್‌ನಲ್ಲಿ ಐಎಸ್ಒ 6 ಇಡಿ. ಅದೇ ಜಗುಲಿಯಲ್ಲಿ ಈಗ ಒಂದು ಸೆಕೆಂಡ್ ಬರುತ್ತದೆ. 10 ಇಂಚಿನ ಲೆನ್ಸ್‌ನಲ್ಲಿ ಮುಖ ಹತ್ತಿರದಿಂದ ತೆಗೆಯಲು ಬೆಲ್ಲೋಸ್ (ಕ್ಯಾಮೆರಾದ ಮಡಿಕೆ ಚೀಲ) 14 ಇಂಚಿಗೆ ಎಳೆದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಎರಡು ಸೆಕೆಂಡ್. ಆರಾಮಾಗಿ ಮುಚ್ಚಬಹುದು.

ಪೇಪರ್‌ಗೆ ಕೆಂಪು ಕಾಣುವುದೇ ಇಲ್ಲ. ಆ ಪೇಪರ್ ನೆಗೆಟಿವ್‌ನಿಂದ ಮಾಡಿದ ಪ್ರಿಂಟ್‌ನಲ್ಲಿ ಹಣೆಯ ಕುಂಕುಮ ಅಚ್ಚ ಕಪ್ಪಾಗಿ ಬರುತ್ತದೆ. ತುಟಿ, ಕೆಂಪು ಸೀರೆಯೂ ಕಪ್ಪಾಗುತ್ತವೆ. ನೀಲಿ ಅಂಚು ಬೆಳ್ಳಗಾಗುತ್ತದೆ. ತುಂಬಾ ಹಳೆಯ ಫೋಟೋಗಳಲ್ಲಿ ಅಜ್ಜಿಯರ ಮುಖದಲ್ಲಿ ಕಾಣುವ ಆ ಗಾಢತನಕ್ಕೆ ಇದೇ ಕಾರಣ. ನನಗದು ತುಂಬಾ ಇಷ್ಟ.

ಫೋಕಸ್ ಮಾಡಿ ಡಾರ್ಕ್ ಸ್ಲೈಡ್ ಹಾಕುವಷ್ಟರಲ್ಲಿ ಕೂತವರು ಸ್ವಲ್ಪ ಮುಂದೆ ಬಾಗಿದರೂ ಕಣ್ಣು ಮಂಕಾಗುತ್ತದೆ. ಕ್ಯಾಮೆರಾಗೆ ಒಂದು ದಾರ ಕಟ್ಟಿ, ಫೋಕಸ್ ಆದಾಗ ಅವರ ಕಣ್ಣಿನ ಪಕ್ಕಕ್ಕೆ ಬರುವ ಜಾಗದಲ್ಲಿ ಗಂಟು ಹಾಕಿ. ಮುಚ್ಚಳ ತೆಗೆಯುವ ಮುಂಚೆ ದಾರ ಹಿಡಿದು ನೋಡಿ, ಗಂಟು ಅಲ್ಲೇ ಇರಬೇಕು. ತಲೆ ಗೋಡೆಗೆ ಒರಗಿದ್ದರೆ ಇನ್ನೂ ಒಳ್ಳೆಯದು.

ಲೆನ್ಸ್ ಕೊಳವೆಯ ಮೇಲೆ ಸೀಳು ಇದ್ದರೆ ಅದು ಸ್ಟಾಪ್ (ಬೆಳಕು ಕಡಿಮೆ ಮಾಡುವ, ನಡುವೆ ತೂತಿರುವ ತಗಡು) ತೂರಿಸುವ ಜಾಗ. ಸ್ಟಾಪ್‌ಗಳು ಕಳೆದಿದ್ದರೆ ಕಪ್ಪು ರಟ್ಟಿನಲ್ಲಿ ಕತ್ತರಿಸಿಕೊಳ್ಳಿ, ಇಲ್ಲವೇ ಸೀಳಿಗೆ ಟೇಪ್ ಹಚ್ಚಿ. ಅಂಟಿಸಿದ ಗಾಜಿನ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಅಂಟು ಬಿಡುತ್ತಿದೆ ಎಂದರ್ಥ. ಅಂಚಿನಲ್ಲಷ್ಟೇ ಇದ್ದರೆ ಚಿತ್ರಕ್ಕೆ ಹೆಚ್ಚು ತೊಂದರೆ ಇಲ್ಲ, ಸುಮ್ನೆ ಬಿಡಿ. ಪೆಟ್ಜ್ವಾಲ್‌ನ ಹಿಂದಿನ ಎರಡು ಗಾಜುಗಳನ್ನು ಹೊರತೆಗೆದರೆ ಯಾವುದು ಯಾವ ಕಡೆಗಿತ್ತು ಅಂತ ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ತಿರುಗುಮುರುಗಾದರೆ ಇಡೀ ಚಿತ್ರ ಮಸುಕಾಗುತ್ತದೆ. ಮಳೆಗಾಲದಲ್ಲಿ ಚರ್ಮದ ಡಬ್ಬಿಯಲ್ಲಿಟ್ಟರೆ ಫಂಗಸ್ ಗ್ಯಾರಂಟಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಮುಂದೆ ಯಾವತ್ತಾದರೂ ಮಾರಲೇಬೇಕಾಗಿ ಬಂದರೆ ಕ್ಯಾಮೆರಾ, ಲೆನ್ಸ್, ಅದು ಕೂರುವ ಹಿತ್ತಾಳೆ ಬಳೆ, ಡಾರ್ಕ್ ಸ್ಲೈಡ್ ಎಲ್ಲವನ್ನೂ ಒಟ್ಟಿಗೇ ಕೊಡಿ. ಆ ಬಳೆ ಕಳೆದರೆ ಅದೇ ಥ್ರೆಡ್‌ನ (ತಿರುಪಿನ ಸುತ್ತಿನ) ಇನ್ನೊಂದು ಸಿಗುವುದು ಕಷ್ಟ, ಲೇತ್‌ನಲ್ಲಿ ಮಾಡಿಸಬೇಕಾಗುತ್ತದೆ. ಟಾರ್ಚ್ ಬಿಟ್ಟಾಗ ಎಷ್ಟು ಚುಕ್ಕೆ ಕಂಡವು ಅಂತ ಇಲ್ಲಿ ಬರೆಯಿರಿ, ಯಾವ ಲೆನ್ಸ್‌ನಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.