ಕನ್ಸರ್ಟ್ ಸೌಂಡ್ ಎಂಜಿನಿಯರ್ ಔಸ್ಲಿ ಸ್ಟ್ಯಾನ್ಲಿ ಅವರನ್ನು ಇವತ್ತಿಗೂ ಯಾಕೆ ನೆನೆಯುತ್ತಾರೆ?

2011ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಾರು ಅಪಘಾತವಾಗಿ ಅವರು ತೀರಿಕೊಂಡರು. ಆಗ ಅವರಿಗೆ 76 ವರ್ಷ. ಎಲ್‌ಎಸ್‌ಡಿ ಅನ್ನೋ ಮಾದಕವಸ್ತು ತಯಾರಿಸಿದವರು ಅಂತಲೇ ಅವರ ಹೆಸರು ಜಾಸ್ತಿ ಓಡಾಡುತ್ತದೆ. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಸೌಂಡ್‌ನದ್ದು.

ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡ್‌ಗಾಗಿ ಅವರೂ ಜೊತೆಗಾರರೂ ಸೇರಿ 1974ರಲ್ಲಿ 'ವಾಲ್ ಆಫ್ ಸೌಂಡ್' ಕಟ್ಟಿದರು. ಸುಮಾರು 600 ಸ್ಪೀಕರ್‌ಗಳ ಗೋಡೆ, ಅದೂ ವಾದಕರ ಬೆನ್ನ ಹಿಂದೆ! ಜನ ಕೇಳಿದ್ದನ್ನೇ ವಾದಕರೂ ಕೇಳುತ್ತಿದ್ದರು, ಅವರಿಗೆ ಬೇರೆ ಮಾನಿಟರ್ (ವಾದಕರ ಕಡೆ ತಿರುಗಿಸಿಡುವ ಸ್ಪೀಕರ್) ಬೇಕಿರಲಿಲ್ಲ. ಗಿಟಾರ್, ಬೇಸ್, ಪಿಯಾನೊ, ಹಾಡು, ಎಲ್ಲಕ್ಕೂ ಬೇರೆ ಬೇರೆ ಸ್ಪೀಕರ್. ಹಾಗಾಗಿ ಒಂದರ ಸದ್ದು ಇನ್ನೊಂದರಲ್ಲಿ ಕಲಸಿಹೋಗುತ್ತಿರಲಿಲ್ಲ.

ಸ್ಪೀಕರ್ ಎದುರು ಮೈಕ್ ಇಟ್ಟರೆ ಕುಂಯ್ ಅನ್ನುತ್ತೆ ಅಲ್ವಾ? ಅದಕ್ಕೂ ದಾರಿ ಹುಡುಕಿದ್ದರು. ಪ್ರತಿ ಹಾಡುಗಾರನಿಗೆ ಎರಡು ಮೈಕ್, ಒಂದರ ಸಿಗ್ನಲ್ ಇನ್ನೊಂದರದ್ದಕ್ಕೆ ಉಲ್ಟಾ. ಗೋಡೆಯ ಸದ್ದು ಎರಡಕ್ಕೂ ಒಂದೇ ಥರ ಬಿದ್ದು ಬಹುಪಾಲು ರದ್ದಾಗುತ್ತಿತ್ತು. ಹಾಡುಗಾರ ಒಂದೇ ಮೈಕ್‌ಗೆ ಬಾಯಿ ತಾಗಿಸಿ ಹಾಡುತ್ತಿದ್ದ. ಅವನ ದನಿ ಉಳಿಯುತ್ತಿತ್ತು. ಎಂಥಾ ತಲೆ!

ಸಾಗಾಟದ ಖರ್ಚು ತಡೆಯಲಾಗದೆ ಅದೇ ಅಕ್ಟೋಬರ್‌ಗೆ ಆ ಗೋಡೆ ನಿಂತುಹೋಯಿತು. ಆದರೆ ಔಸ್ಲಿ ಟೇಪ್ ಮಾಡಿಟ್ಟ ಕನ್ಸರ್ಟ್‌ಗಳು ಅವರು ಹೋದ ಮೇಲೂ ಆಲ್ಬಮ್‌ಗಳಾಗಿ ಬಂದಿವೆ. ಸಿಕ್ಕರೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.