ಕಾಯಿಲೆ ಎದೇದು, ಸ್ಕ್ಯಾನ್ ಹೊಟ್ಟೇದು ಯಾಕೆ?

ಹೋದ ಸಂಚಿಕೇಲಿ ಕೋವಿಡ್ ಟೈಮಿನ ಎದೆ ಸ್ಕ್ಯಾನ್ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ, ಅದಾದ್ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹೊಟ್ಟೆ ವಿಷಯ. ನಾನು ರೇಡಿಯಾಲಜಿಸ್ಟು, ಕತ್ತಲೆ ರೂಮಲ್ಲಿ ಕೂತು ಪಿಕ್ಚರ್ ಓದೋನು, ಪೇಷೆಂಟಿನ ಮನೆಯವರು ನನ್ನ ಹತ್ರ ಮಾತಾಡೋದೇ ಅಪರೂಪ, ಹಾಗಾಗಿ ಈ ಪತ್ರಗಳನ್ನ ಎರಡೆರಡು ಸಲ ಓದ್ತೀನಿ. ನಾಲ್ಕು ಆರಿಸಿದೀನಿ. ಮೊದಲನೇದಕ್ಕೇ ಜಾಸ್ತಿ ಜಾಗ ಹೋಗುತ್ತೆ, ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, 2021ರ ಮೇ ತಿಂಗಳಲ್ಲಿ ನಮ್ಮಪ್ಪ ಕೋವಿಡ್ ಆಗಿ ಐಸಿಯುನಲ್ಲಿದ್ರು. ಹನ್ನೊಂದನೇ ದಿನ ಆಕ್ಸಿಜನ್ ಕಮ್ಮಿ ಮಾಡಿದ್ರು, ಇನ್ನೇನು ಮನೆಗೆ ಬರ್ತಾರೆ ಅಂದ್ಕೊಂಡ್ವಿ. ಅವತ್ತು ರಾತ್ರಿ ವಿಡಿಯೋ ಕಾಲಲ್ಲಿ ಹೊಟ್ಟೆನೋವು ತಡ್ಕೊಳಕ್ಕಾಗ್ತಿಲ್ಲ ಕಣಮ್ಮ ಅಂದ್ರು. ಬೆಡ್ ಹತ್ರಾನೇ ಅಲ್ಟ್ರಾಸೌಂಡ್ ಮಾಡಿ ಗ್ಯಾಸ್ ಜಾಸ್ತಿ ಇದೆ, ಬೇರೇನೂ ಇಲ್ಲ ಅಂದ್ರಂತೆ. ಮಾರನೇ ದಿನ ಸಂಜೆ, ಕಾಂಟ್ರಾಸ್ಟ್ ಅಂತ ನರಕ್ಕೆ ಡೈ ಕೊಟ್ಟು ಸಿಟಿ ಸ್ಕ್ಯಾನ್ ಮಾಡ್ಬೇಕು, ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ ಏರಿದೆ, ಕಿಡ್ನಿಗೆ ತೊಂದ್ರೆ ಆಗ್ಬಹುದು, ಸೈನ್ ಮಾಡಿ ಅಂದ್ರು, ಮಾಡ್ದೆ. ಕರುಳು ಸತ್ತುಹೋಗಿದೆ ಅಂತ ಬಂತು. ಆಪರೇಷನ್ ಆಗಿ ಮೂರನೇ ದಿನಕ್ಕೆ ಹೋಗ್ಬಿಟ್ರು. ನಾನು ಸೈನ್ ಮಾಡಿದ್ದೇ ತಪ್ಪಾಯ್ತಾ? ಅಲ್ಟ್ರಾಸೌಂಡಲ್ಲಿ ಯಾಕೆ ಕಾಣ್ಲಿಲ್ಲ? ಶ್ವಾಸಕೋಶದ ಕಾಯಿಲೆ ಕರುಳಿಗೆ ಹೇಗೆ ಹೋಯ್ತು? (ಹೆಸರು ಬೇಡ, ಹಾಸನ)

ಉತ್ತರ: ತಂಗಿ, ಸೈನ್ ವಿಷಯ ಮೊದಲು ಮುಗಿಸ್ಬಿಡ್ತೀನಿ. ನೀವು ಮಾಡಿದ್ದು ಸರಿ. ಕರುಳಿಗೆ ರಕ್ತ ನಿಂತಿದೆ ಅನ್ನೋ ಅನುಮಾನ ಬಂದಾಗ ಕ್ರಿಯಾಟಿನಿನ್ ಎಷ್ಟೇ ಇರ್ಲಿ, ಕಾಂಟ್ರಾಸ್ಟ್ ಸಿಟಿ ತಡ ಮಾಡ್ಬಾರ್ದು ಅಂತಾನೇ ಸರ್ಜನ್‌ಗಳ ಗೈಡ್‌ಲೈನ್ ಹೇಳೋದು. ಕಿಡ್ನಿ ಕೈಕೊಟ್ರೆ ಡಯಾಲಿಸಿಸ್ ಅಂತ ಒಂದು ದಾರಿ ಇದೆ, ಸತ್ತ ಕರುಳಿಗೆ ಕತ್ತರಿಸಿ ತೆಗೆಯೋದು ಬಿಟ್ರೆ ದಾರಿ ಇಲ್ಲ. ಕಾಂಟ್ರಾಸ್ಟ್ ಇಲ್ಲದ ಸಿಟೀಲಿ ರಕ್ತನಾಳದೊಳಗೆ ಹೆಪ್ಪುಗಟ್ಟಿದೆಯಾ ಇಲ್ವಾ ಗೊತ್ತಾಗೋದು ತುಂಬಾ ಕಷ್ಟ, ರಕ್ತಾನೂ ಬೂದು, ನಾಳದ ಗೋಡೇನೂ ಬೂದು, ಕರುಳೂ ಬೂದು.

ಇನ್ನು ಅಲ್ಟ್ರಾಸೌಂಡ್. ಅದರ ಶಬ್ದದ ಅಲೆ ನೀರಲ್ಲಿ ಚೆನ್ನಾಗಿ ಹೋಗುತ್ತೆ, ಲಿವರಲ್ಲಿ ಹೋಗುತ್ತೆ, ಗಾಳಿ ಅಡ್ಡ ಬಂದ್ರೆ ಮುಂದೆ ಹೋಗಲ್ಲ. ಕರುಳು ಗ್ಯಾಸ್ ತುಂಬ್ಕೊಂಡು ಉಬ್ಬಿದ್ರೆ ಸ್ಕ್ರೀನ್ ಮೇಲೆ ಬರೀ ಬಿಳೀ ಮಬ್ಬು, ಅದರ ಹಿಂದೆ ಏನಿದ್ರೂ ಕಾಣಲ್ಲ. ಹಾಗಾಗಿ "ಗ್ಯಾಸ್ ಜಾಸ್ತಿ, ಬೇರೇನೂ ಇಲ್ಲ" ಅಂದ್ರೆ ಬೇರೇನೂ ನೋಡೋಕಾಗ್ಲಿಲ್ಲ ಅಂತ ಅರ್ಥ. ನಮ್ಮೋರು ರಿಪೋರ್ಟಲ್ಲಿ ಅದನ್ನ ಹಾಗೇ ಬಿಡಿಸಿ ಬರೆದ್ರೆ ಎಷ್ಟೋ ಗೊಂದಲ ತಪ್ಪುತ್ತೆ, ಬರೆಯಲ್ಲ, ಇದು ನಮ್ಮ ಕಡೆಯ ತಪ್ಪು ಅಂತ ಒಪ್ಕೋತೀನಿ. ಎಕ್ಸ್‌ರೇ ಮಾಡಿದ್ರೂ ಅಷ್ಟೇ, ಶುರುನಲ್ಲಿ ನಾರ್ಮಲ್ ಥರಾನೇ ಇರುತ್ತೆ, ಕರುಳು ತೂತಾಗಿ ಡಯಾಫ್ರಮ್ (ಎದೆ-ಹೊಟ್ಟೆ ನಡುವಿನ ಪರದೆ) ಕೆಳಗೆ ಗಾಳಿ ಕಾಣೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ.

ಎದೆ ಕಾಯಿಲೆ ಕರುಳಿಗೆ ಹೇಗೆ ಹೋಯ್ತು ಅಂದ್ರಲ್ಲ, ಈ ವೈರಸ್ ಜೀವಕೋಶದ ಒಳಗೆ ಹೋಗೋಕೆ ಹಿಡ್ಕೊಳ್ಳೋ ಎಸಿಇ2 ಅನ್ನೋ ಹಿಡಿಕೆ ಶ್ವಾಸಕೋಶದಲ್ಲಿ ಮಾತ್ರ ಇಲ್ಲ, ಸಣ್ಣಕರುಳಿನ ಒಳಪದರದಲ್ಲಿ ಧಂಡಿಯಾಗಿದೆ, ರಕ್ತನಾಳದ ಒಳಗೋಡೇಲೂ ಇದೆ. ಅಮೆರಿಕದಲ್ಲಿ 2020ರ ಜನವರೀಲಿ ಸಿಕ್ಕ ಮೊದಲನೇ ಪೇಷೆಂಟಿಗೇ ಭೇದಿ ಆಗಿತ್ತು, ಮಲದಲ್ಲಿ ವೈರಸ್ ಸಿಕ್ಕಿತ್ತು. ಆದ್ರೆ ಭೇದಿ ಬೇರೆ, ನಿಮ್ಮಪ್ಪಂಗೆ ಆಗಿದ್ದು ಬೇರೆ. ಜೋರು ಕೋವಿಡಲ್ಲಿ ರಕ್ತಾನೇ ಗಟ್ಟಿಯಾಗೋ ಕಡೆ ವಾಲುತ್ತೆ, ಮಹಾಪಧಮನಿಯಿಂದ ಕರುಳಿಗೆ ಬರೋ ದೊಡ್ಡ ನಾಳ ಒಂದಿದೆ, ಅಲ್ಲಿ ಹೆಪ್ಪು ಕೂತ್ರೆ ಸಣ್ಣಕರುಳು ಹೆಚ್ಚುಕಮ್ಮಿ ಪೂರ್ತಿ ಮತ್ತೆ ದೊಡ್ಡಕರುಳಿನ ಅರ್ಧ ನೀರಿಲ್ಲದ ಗದ್ದೆ ಆಗುತ್ತೆ. ಪೂರ್ತಿ ಕಟ್ಟಿದ್ರೆ ಸುಮಾರು ಆರು ಗಂಟೆ, ಆಮೇಲೆ ವಾಪಸ್ ಬರೋದು ಕಷ್ಟ.

ನಾವು ಪಿಕ್ಚರಲ್ಲಿ ಏನು ನೋಡ್ತೀವಿ ಹೇಳ್ತೀನಿ. ಕೈ ನರಕ್ಕೆ ಕಾಂಟ್ರಾಸ್ಟ್ ಜೋರಾಗಿ ಬಿಟ್ಟು ಎರಡು ಸಲ ಸ್ಕ್ಯಾನ್ ಮಾಡ್ತೀವಿ, ಒಂದು ಸುಮಾರು 30 ಸೆಕೆಂಡಿಗೆ, ಆಗ ಶುದ್ಧರಕ್ತದ ನಾಳಗಳು ಟ್ಯೂಬ್‌ಲೈಟ್ ಥರ ಬೆಳ್ಳಗಾಗ್ತವೆ, ಇನ್ನೊಂದು 70 ಸೆಕೆಂಡಿಗೆ, ಆಗ ಕರುಳಿನ ಗೋಡೆ ಮತ್ತೆ ಲಿವರ್ ಬೆಳಗ್ತವೆ. ಬೆಳ್ಳಗಿರಬೇಕಾದ ನಾಳದ ಮಧ್ಯ ಕಪ್ಪು ತುಂಡು ಸಿಕ್ರೆ ಹೆಪ್ಪು. ಪಕ್ಕದ ಕರುಳಿನ ಸುರುಳಿ ಬೆಳಗಿ ಇದೊಂದು ಮಂಕಾಗಿ ಉಳಿದ್ರೆ ಅಲ್ಲಿಗೆ ರಕ್ತ ಇಲ್ಲ. ಗೋಡೆಯೊಳಗೇ ಮಣಿ ಪೋಣಿಸಿದ ಹಾಗೆ ಗಾಳಿಗುಳ್ಳೆ ಬಂದ್ರೆ ಎದೆ ಝಲ್ ಅನ್ನುತ್ತೆ, ಕೆಲವು ಸಲ ಆ ಗಾಳಿ ರಕ್ತದ ಜೊತೆ ಲಿವರಿಗೆ ಹೋಗಿ ಅಂಚಿನವರೆಗೂ ಕಪ್ಪು ಕೊಂಬೆ ಕೊಂಬೆಯಾಗಿ ಹರಡಿರುತ್ತೆ. ಪಿತ್ತನಾಳದ ಗಾಳಿಯಾದ್ರೆ ಲಿವರ್ ಮಧ್ಯದಲ್ಲೇ ಉಳಿಯುತ್ತೆ, ಹೊಸಬರು ಇಲ್ಲೇ ಎಡವೋದು.

ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 2020ರಲ್ಲೇ 412 ಕೋವಿಡ್ ಪೇಷೆಂಟ್‌ಗಳ ಲೆಕ್ಕ ಕೊಟ್ಟಿದ್ರು. ಹೊಟ್ಟೆಗೆ ಮಾಡಿದ 42 ಸಿಟೀಲಿ 13ರಲ್ಲಿ ಕರುಳಲ್ಲಿ ಏನೋ ಒಂದು ಏರುಪೇರು. ಐಸಿಯು ಪೇಷೆಂಟ್‌ಗಳ 20 ಸಿಟೀಲಿ 4ರಲ್ಲಿ ನಾನು ಮೇಲೆ ಹೇಳಿದ ಗಾಳಿ. ಆಪರೇಷನ್ ಮಾಡಿದಾಗ ಕೆಲವರ ಕರುಳು ನಾವು ಸಾಮಾನ್ಯ ನೋಡೋ ಹಾಗೆ ಕಪ್ಪು-ನೇರಳೆ ಆಗದೆ ಅಲ್ಲಲ್ಲಿ ಹಳದಿ ತಿರುಗಿತ್ತಂತೆ, ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಕೂದಲಿನಂಥ ನಾಳಗಳಲ್ಲಿ ಹೆಪ್ಪು. ಅಂದ್ರೆ ದೊಡ್ಡ ನಾಳ ಸಿಟೀಲಿ ಚೊಕ್ಕಟವಾಗಿದ್ರೂ ಕರುಳು ಸಾಯ್ಬಹುದು, ಇದು ನಮಗೂ ಹೊಸ ಪಾಠ ಆಗಿತ್ತು.

ಒಂದು ದಿನ ತಡ ಆಯ್ತಲ್ಲ ಅಂತ ನಿಮ್ಮ ಪತ್ರದ ಒಳಗಿರೋ ಪ್ರಶ್ನೆ ನನಗೆ ಕಾಣ್ತು. ಹೊಟ್ಟೆ ಮುಟ್ಟಿ ನೋಡಿದ್ರೆ ಮೆತ್ತಗಿದೆ, ಪೇಷೆಂಟ್ ಮಾತ್ರ ಸಾಯೋ ನೋವು ಅಂತಿದಾನೆ, ಕರುಳಿಗೆ ರಕ್ತ ನಿಂತಾಗ ಶುರುನಲ್ಲಿ ಹೀಗೇ ಇರೋದು. ಆವಾಗ್ಲೇ ಸಿಟಿ ಮಾಡ್ಬೇಕಿತ್ತು, ಹೌದು. ಆದ್ರೆ ಆ ಮೇ ತಿಂಗಳು ಒಬ್ಬ ಕೋವಿಡ್ ಪೇಷೆಂಟನ್ನ ಸಿಲಿಂಡರ್ ಸಮೇತ ಸಿಟಿ ರೂಮಿಗೆ ತರೋದು ಅಂದ್ರೆ ನಾಲ್ಕು ಜನ ಪಿಪಿಇ ಹಾಕ್ಕೊಳ್ಬೇಕು, ಆಮೇಲೆ ರೂಮ್ ತೊಳೆದು ಒಣಗೋವರೆಗೂ ಮೆಷಿನ್ ಖಾಲಿ ಬಿಡ್ಬೇಕು, ಹೊರಗೆ ಕ್ಯೂ. ಬೇಗ ಮಾಡಿದ್ರೆ ಉಳೀತಿದ್ರು ಅಂತ ನಾನು ಹೇಳಲಾರೆ, ಕೋವಿಡ್ ಇಲ್ಲದವರಲ್ಲೂ ಕರುಳು ಸತ್ತ ಮೇಲೆ ಅರ್ಧಕ್ಕಿಂತ ಜಾಸ್ತಿ ಜನ ಉಳಿಯಲ್ಲ. ನಿಮ್ಮ ಸೈನಿಂದ ಅವರ ಕಾಯಿಲೆಗೆ ಒಂದು ಹೆಸರಾದ್ರೂ ಸಿಕ್ತು, ಸರ್ಜನ್‌ಗೆ ಪ್ರಯತ್ನ ಮಾಡೋಕೆ ಒಂದು ದಾರಿ ಸಿಕ್ತು.

ಪ್ರಶ್ನೆ: ಅಮ್ಮಂಗೆ ಎಚ್1ಎನ್1 ನ್ಯುಮೋನಿಯಾ ಆಗಿ ವೆಂಟಿಲೇಟರ್‌ನಲ್ಲಿದ್ರು, ಈಗ ಹುಷಾರಾಗಿದಾರೆ. ಆಗ ಅಲ್ಟ್ರಾಸೌಂಡ್ ರಿಪೋರ್ಟಲ್ಲಿ ಗಾಲ್‌ಬ್ಲ್ಯಾಡರ್ (ಪಿತ್ತಕೋಶ) ಉಬ್ಬಿದೆ, ಸ್ಲಡ್ಜ್ ಇದೆ ಅಂತಿತ್ತು. ತೆಗೆಸ್ಬೇಕಾ? (ಗೃಹಿಣಿ, ತುಮಕೂರು)

ಉತ್ತರ: ಅವಸರ ಬೇಡ ಮೇಡಂ. ನಾವು ಊಟ ಮಾಡಿದಾಗ, ಅದ್ರಲ್ಲೂ ಜಿಡ್ಡು ತಿಂದಾಗ, ಗಾಲ್‌ಬ್ಲ್ಯಾಡರ್ ಹಿಂಡ್ಕೊಂಡು ಪಿತ್ತ ಬಿಡುತ್ತೆ. ದಿನಗಟ್ಟಲೆ ಬಾಯಿಗೆ ಏನೂ ಇಲ್ದೆ ಮಲಗಿದ್ರೆ ಹಿಂಡೋ ಕೆಲಸಾನೇ ಇಲ್ಲ, ಪಿತ್ತ ನಿಂತಲ್ಲೇ ನಿಂತು ಡಿಕಾಕ್ಷನ್ ತಳದ ಚರಟದ ಹಾಗೆ ಕೂರುತ್ತೆ, ಅದೇ ಸ್ಲಡ್ಜ್. ಮೇಲೆ ಹೇಳಿದ ಬಾಸ್ಟನ್ ಲೆಕ್ಕದಲ್ಲೂ ಹೊಟ್ಟೆ ಬಲಭಾಗದ 37 ಅಲ್ಟ್ರಾಸೌಂಡಲ್ಲಿ 20ರಲ್ಲಿ ಇದೇ ಇತ್ತು. ಊಟ ಶುರುವಾದ್ಮೇಲೆ ಎಷ್ಟೋ ಜನರಿಗೆ ತಾನಾಗೇ ಕರಗುತ್ತೆ. ಗೋಡೆ 3 ಮಿಲಿಮೀಟರ್‌ಗಿಂತ ದಪ್ಪ, ಸುತ್ತ ನೀರು, ಹೊಟ್ಟೆ ಮೇಲೆ ಆಡಿಸೋ ಪ್ರೋಬ್ ಒತ್ತಿದ್ರೆ ಅಲ್ಲೇ ಚುಚ್ಚೋ ನೋವು, ಜೊತೆಗೆ ಜ್ವರ, ಆಗ ಕಲ್ಲಿಲ್ಲದೇನೇ ಸೋಂಕಾಗಿದೆ ಅಂತ ಯೋಚನೆ ಮಾಡ್ತೀವಿ, ಅಲ್ಟ್ರಾಸೌಂಡ್ ನೋಡ್ಕೊಂಡೇ ಸಣ್ಣ ಪೈಪ್ ಹಾಕಿ ಪಿತ್ತ ಹೊರಗೆ ತೆಗೀತೀವಿ. ಗೋಡೆ ದಪ್ಪ ಅಂದ ತಕ್ಷಣ ಗಾಬರಿನೂ ಬೇಡ, ಡೆಂಗ್ಯೂನಲ್ಲೂ ದಪ್ಪ ಆಗುತ್ತೆ, ಮಳೆಗಾಲದಲ್ಲಿ ದಿನಾ ನೋಡ್ತೀನಿ, ಜ್ವರ ಇಳಿದ್ಮೇಲೆ ಸರಿಹೋಗುತ್ತೆ. ಅಮ್ಮಂಗೆ ಈಗ ನೋವಿಲ್ಲ ಅಂದ್ರೆ ಖಾಲಿ ಹೊಟ್ಟೇಲಿ ಇನ್ನೊಂದು ಸಲ ಅಲ್ಟ್ರಾಸೌಂಡ್ ಮಾಡ್ಸಿ ಡಾಕ್ಟರ್‌ಗೆ ತೋರ್ಸಿ.

ಪ್ರಶ್ನೆ: ನಮಸ್ಕಾರ್ರೀ ಸರ. ನಮ್ಮ ಕಾಕಾಗ ಕೋವಿಡ್ ಆದಾಗ ರಕ್ತ ತೆಳು ಆಗೂ ಇಂಜೆಕ್ಷನ್ ಹೊಟ್ಟಿಗೆ ಕೊಡ್ತಿದ್ರು. ಒಂದಿನ ತೊಡಿ ಸೀದಾ ಮಾಡಾಕ ಬರವಲ್ದು ಅಂದ್ರು, ಬಿಪಿ ಇಳೀತು, ಸಿಟಿ ಮಾಡಿ ಒಳಗ ರಕ್ತ ತುಂಬೇತಿ ಅಂದ್ರು. ಹೆಪ್ಪು ಆಗಬಾರ್ದಂತ ಕೊಟ್ಟ ಔಷಧಾನ ಹಿಂಗ ಮಾಡೂದೇನ್ರೀ? (ಗದಗ)

ಉತ್ತರ: ಮಾಡುತ್ತೆ ಸರ್. ಹೆಪಾರಿನ್ ಜಾತಿಯ ಇಂಜೆಕ್ಷನ್ ಎರಡೂ ಕಡೆ ಹರಿತ ಇರೋ ಚಾಕು, ಮೇಲಿನ ಪತ್ರ ಓದಿದ್ರೆ ಅದನ್ನ ಯಾಕೆ ಕೊಡ್ತಾರೆ ಅಂತ ಗೊತ್ತಾಗುತ್ತೆ. ಚುಚ್ಚಿದ ಜಾಗದಲ್ಲಿ ನೀಲಿ ಕಟ್ಟೋದು ಮಾಮೂಲಿ, ಅದಕ್ಕೆ ಸ್ಕ್ಯಾನ್ ಬೇಡ. ನಿಮ್ಮ ಕಾಕಾಗೆ ಆಗಿದ್ದು ಬೆನ್ನುಮೂಳೆ ಪಕ್ಕದಿಂದ ತೊಡೆಗೆ ಬರೋ ಸೊಆಸ್ ಅನ್ನೋ ಸ್ನಾಯುವಿನೊಳಗೆ ರಕ್ತಸ್ರಾವ, ಅದಕ್ಕೇ ಕಾಲು ಮಡಚ್ಕೊಂಡೇ ಮಲಗ್ತಾರೆ, ಸೀದಾ ಮಾಡಿದ್ರೆ ಜೀವ ಹೋಗೋವಷ್ಟು ನೋವಾಗುತ್ತೆ. ಇನ್ನು ಕೆಲವರಿಗೆ ಕೆಮ್ಮಿ ಕೆಮ್ಮಿ ಹೊಟ್ಟೆ ಮುಂದಿನ ಸ್ನಾಯುವಿನ ನಾಳ ಹರಿದು ಅಲ್ಲಿ ತುಂಬ್ಕೊಳುತ್ತೆ. ಸಿಟೀಲಿ ರಕ್ತ ಎರಡು ಪದರ ಆಗಿ ನಿಂತಿರುತ್ತೆ, ಮೇಲೆ ತಿಳಿ, ಕೆಳಗೆ ಗಟ್ಟಿ, ಲೋಟದಲ್ಲಿಟ್ಟ ಮಜ್ಜಿಗೆ ಥರ. ಮೊದಲ ಸುತ್ತಲ್ಲಿ ಕಂಡ ಬಿಳಿ ಚುಕ್ಕೆ ಎರಡನೇ ಸುತ್ತಲ್ಲಿ ದೊಡ್ಡದಾದ್ರೆ ಇನ್ನೂ ಸೋರ್ತಿದೆ ಅಂತ, ಆಗ ತೊಡೆಸಂದಿಯಿಂದ ಸಣ್ಣ ವೈರ್ ಹಾಕಿ ಆ ನಾಳಾನೇ ಮುಚ್ಚಬಹುದು, ಹೊಟ್ಟೆ ಕೊಯ್ಯೋದು ಬೇಕಾಗೋದು ಕಮ್ಮಿ. ಬಹಳ ಜನರಿಗೆ ಇಂಜೆಕ್ಷನ್ ನಿಲ್ಸಿ ರಕ್ತ ಕೊಟ್ರೇ ಸಾಕಾಗುತ್ತೆ.

ಪ್ರಶ್ನೆ: 2020ರಲ್ಲಿ ಹೊಟ್ಟೆನೋವಿಗೆ ಸಿಟಿ ಮಾಡಿಸ್ದೆ, ರಿಪೋರ್ಟಲ್ಲಿ ಕೋವಿಡ್ ನ್ಯುಮೋನಿಯಾ ಇರಬಹುದು ಅಂತ ಬರೆದಿದ್ರು! ಟೆಸ್ಟ್ ಪಾಸಿಟಿವ್ ಬಂತು. ಹೊಟ್ಟೆ ಸ್ಕ್ಯಾನಲ್ಲಿ ಎದೆ ಹೇಗೆ ಕಾಣ್ತು? ಮತ್ತೆ ಒಂದು ಸಿಟಿ ಅಂದ್ರೆ 300 ಎಕ್ಸ್‌ರೇ ಅಂತಾರಲ್ಲ, ನಿಜಾನಾ? (ಬೆಂಗಳೂರು)

ಉತ್ತರ: ಹೊಟ್ಟೆ ಸ್ಕ್ಯಾನ್ ಡಯಾಫ್ರಮ್‌ಗಿಂತ ಸ್ವಲ್ಪ ಮೇಲಿಂದಾನೇ ಶುರುವಾಗುತ್ತೆ, ಹಾಗಾಗಿ ಶ್ವಾಸಕೋಶದ ತಳ ಫ್ರೀಯಾಗಿ ಸಿಗುತ್ತೆ, ಕೋವಿಡ್ ಕೂರೋಕೆ ಇಷ್ಟಪಡೋದೂ ಆ ತಳದ ಅಂಚಲ್ಲೇ. ನಿಮ್ಮ ಸ್ಕ್ಯಾನ್ ಓದಿದವರು ಮೊದಲ ನಾಲ್ಕು ಪಿಕ್ಚರ್ ಹಾರಿಸದೆ ನೋಡಿದಾರೆ, ಅವರಿಗೊಂದು ನಮಸ್ಕಾರ. 300-400 ಎಕ್ಸ್‌ರೇ ಲೆಕ್ಕ 2021ರ ಮೇನಲ್ಲಿ ಆಗಿನ ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ ಹೇಳಿದ್ದು, ಸುಮ್ಮಸುಮ್ಮನೆ ಎದೆ ಸಿಟಿ ಮಾಡಿಸ್ಬೇಡಿ ಅನ್ನೋಕೆ. ನಮ್ಮ ರೇಡಿಯಾಲಜಿ ಸಂಘ ಅದು ಹಳೇ ಕಾಲದ ಲೆಕ್ಕ ಅಂತ ತಕರಾರು ಮಾಡ್ತು. ಹೊಟ್ಟೆ ಸಿಟೀಲಿ ಮೈಗೆ ಬೀಳೋ ವಿಕಿರಣ ಸುಮಾರು 8ರಿಂದ 10 ಮಿಲಿಸೀವರ್ಟ್ (ವಿಕಿರಣದ ಅಳತೆ), ಎದೆ ಎಕ್ಸ್‌ರೇಲಿ 0.1ರ ಆಸುಪಾಸು, ಅಂದ್ರೆ ನೂರರ ಹತ್ರ ಅಂದ್ಕೊಳ್ಳಿ. ಏನೂ ಮಾಡದೆ ಮನೇಲಿ ಕೂತ್ರೂ ಭೂಮಿ ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಬರುತ್ತೆ. ಅವತ್ತು ನಿಮಗೆ ನೋವಿತ್ತು, ಕಾರಣ ಇತ್ತು, ಮಾಡಿದ್ರು. ಆ ಸಿಡಿ ಇನ್ನೂ ಇದ್ರೆ ಎಸೀಬೇಡಿ, ಮುಂದೆ ಯಾವತ್ತಾದ್ರೂ ಶ್ವಾಸಕೋಶದ ತಳದಲ್ಲಿ ಕಲೆ ಕಂಡ್ರೆ ಹಳೇದಾ ಹೊಸದಾ ಹೇಳೋಕೆ ನಮ್ಮಂಥವರು ಕೇಳೋದು ಅದನ್ನೇ.